ಜಾಯ್‌ಸ್ಟಿಕ್, ರಡರ್ ಪೆಡಲ್ ಕೊಳ್ಳುವವರಿಗೆ: ಮೊದಲು ಟೇಪು ಬಿಚ್ಚಿ, ಆಮೇಲೆ ಪರ್ಸು

"ಮಾವ, ವಿಮಾನ ತನ್ನಷ್ಟಕ್ಕೆ ಎಡಕ್ಕೆ ಎಳೀತಾ ಇದೆ. ಜಾಯ್‌ಸ್ಟಿಕ್ ಹೋಯ್ತು ಅನ್ಸುತ್ತೆ."

ಡೊಂಬಿವಿಲಿಯಿಂದ ಅಕ್ಕನ ಮಗನ ಫೋನು. ಅವನು ಹೇಳುತ್ತಿದ್ದುದು ಫ್ಲೈಟ್ ಸಿಮ್ಯುಲೇಟರ್‌ನ, ಅಂದರೆ ಕಂಪ್ಯೂಟರ್‌ನಲ್ಲಿ ಹಾರಿಸುವ ವಿಮಾನದ ಮಾತು. ಜಾಯ್‌ಸ್ಟಿಕ್ ತಂದು ಎರಡು ವಾರವೂ ಆಗಿರಲಿಲ್ಲ. ಭಾನುವಾರ ಹೋಗಿ ನೋಡಿದೆ. ಜಾಯ್‌ಸ್ಟಿಕ್ ಚೆನ್ನಾಗಿಯೇ ಇತ್ತು, ಪೆಡಲ್ಲೂ ಸರಿಯಿತ್ತು. ಆದರೆ ಅವನು ಕೂತಿದ್ದು ಚಕ್ರದ ಕುರ್ಚಿ. ನೆಲಕ್ಕೆ ನುಣುಪು ಟೈಲ್ಸ್. ಬಲ ಪೆಡಲ್ ಒತ್ತಿದರೆ ಪೆಡಲ್ ಮುಂದೆ ಹೋಗುವ ಬದಲು ಕುರ್ಚಿ ಹಿಂದಕ್ಕೆ ಉರುಳಿ ಗೋದ್ರೆಜ್ ಕಪಾಟಿಗೆ ಢಣ್ ಎಂದು ಬಡಿಯುತ್ತಿತ್ತು. ಸೆಸ್ನಾದಂಥ ಒಂಟಿ ಇಂಜಿನ್ನಿನ ವಿಮಾನ ಪೂರ್ತಿ ಪವರ್ ಕೊಟ್ಟಾಗ ಎಡಕ್ಕೆ ಎಳೆಯುವುದು ಸಹಜ. ಅದನ್ನು ಬಲ ಪೆಡಲ್ ಒತ್ತಿ ರಡರ್‌ನಿಂದ (ಬಾಲದಲ್ಲಿದ್ದು ಮೂಗನ್ನು ಎಡ ಬಲ ತಿರುಗಿಸುವ ಹಲಗೆ) ತಡೆಯಬೇಕು. ಇವನ ಕಾಲಿನ ಬಲವೆಲ್ಲ ಕಪಾಟಿಗೆ ಹೋಗುತ್ತಿತ್ತು.

ಮುಂಬೈ, ಪುಣೆ, ಗೋವಾದಲ್ಲಿರುವ ನಮ್ಮವರು ಇದೇ ಬಗೆಯ ತೊಂದರೆ ಹೇಳಿಕೊಂಡು ಫೋನ್ ಮಾಡುತ್ತಲೇ ಇರುತ್ತಾರೆ. ಕಾಲೇಜು ಹುಡುಗರಿದ್ದಾರೆ, ಪೈಲಟ್ ಆಗಲು ಹೊರಟವರಿದ್ದಾರೆ, ಬ್ಯಾಂಕಿನಿಂದ ನಿವೃತ್ತರಾದವರೂ ಇದ್ದಾರೆ. ಬಹುಪಾಲು ವಸ್ತು ಕೆಟ್ಟಿರುವುದಿಲ್ಲ, ಕೆಲಸದ ಕ್ರಮ ಕೆಟ್ಟಿರುತ್ತದೆ. ಮೊದಲು ಆಫರ್ ನೋಡಿ ಜಾಯ್‌ಸ್ಟಿಕ್ ಕೊಳ್ಳುತ್ತಾರೆ, ಆಮೇಲೆ ಪೆಡಲ್, ಆಮೇಲೆ ಜಾಗ ಹುಡುಕುತ್ತಾರೆ. ಕುರ್ಚಿಯ ನೆನಪು ಬರುವುದು ಕೊನೆಗೆ. ಇದನ್ನು ತಿರುವುಮುರುವು ಮಾಡಿದರೆ ಅರ್ಧ ತಲೆನೋವು ಹೋಗುತ್ತದೆ.

ಕೈಯಲ್ಲಿ ಇಟ್ಟುಕೊಳ್ಳಬೇಕಾದ್ದು ಹೆಚ್ಚೇನಿಲ್ಲ. ಅಳತೆ ಟೇಪು, ಹಳೇ ನ್ಯೂಸ್‌ಪೇಪರ್, ಅಂಗಡಿಗೆ ಒಯ್ಯಲು ವಿಂಡೋಸ್ ಲ್ಯಾಪ್‌ಟಾಪ್, ಸ್ವಂತ ಅಡಾಪ್ಟರ್ ಇರುವ ಯುಎಸ್‌ಬಿ ಹಬ್, ಒಂದು ಪ್ಲೈವುಡ್ ಹಲಗೆ, ವೆಲ್ಕ್ರೊ ಪಟ್ಟಿ. ಇಷ್ಟು ಸಾಕು.

1. ಯಾವ ವಿಮಾನ ಹಾರಿಸುತ್ತೀರಿ, ಮೊದಲು ಅದು ಹೇಳಿ

ಅಂಗಡಿಯವನು ಕೇಳುವುದು "ಬಜೆಟ್ ಎಷ್ಟು?" ಎಂದು. ನಾನು ಮೊದಲು ಕೇಳುವುದು ವಿಮಾನ ಯಾವುದು ಎಂದು.

ಏರ್‌ಬಸ್ ಎ320 ನಿಮ್ಮ ಆಸೆಯಾದರೆ ಕ್ಯಾಪ್ಟನ್ ಸೀಟಿನಲ್ಲಿ ಸೈಡ್‌ಸ್ಟಿಕ್ ಇರುವುದು ಎಡಗೈಗೆ. ಬಲಗೈ ಇಂಜಿನ್ ಪವರ್ ಹೆಚ್ಚು ಕಡಿಮೆ ಮಾಡುವ ಥ್ರಾಟಲ್ ಮೇಲಿರುತ್ತದೆ. ಬಲಗೈಗೆಂದೇ ಅಚ್ಚು ಹಾಕಿದ ಹಿಡಿಯ ಜಾಯ್‌ಸ್ಟಿಕ್ ಎಡಗೈಯಲ್ಲಿ ಹಿಡಿದರೆ ಹತ್ತೇ ನಿಮಿಷದಲ್ಲಿ ಹೆಬ್ಬೆರಳು ನೋಯುತ್ತದೆ. ಥ್ರಸ್ಟ್‌ಮಾಸ್ಟರ್‌ನ ಟಿ.16000ಎಂ ಮತ್ತು ಅದೇ ಕಂಪನಿಯ ಏರ್‌ಬಸ್ ಸೈಡ್‌ಸ್ಟಿಕ್ ಎರಡೂ ಎರಡೂ ಕೈಗೆ ಹೊಂದುತ್ತವೆ. ಬೋಯಿಂಗ್ 737, ಎಟಿಆರ್ 72 ಇವುಗಳಲ್ಲಿ ಇರುವುದು ಯೋಕ್, ಕಾರಿನ ಸ್ಟೀರಿಂಗ್‌ನಂಥದ್ದು. ಆದರೂ ಕಲಿಯುವ ಹಂತದಲ್ಲಿ ಜಾಯ್‌ಸ್ಟಿಕ್‌ನಿಂದ ಕೆಲಸ ನಡೆಯುತ್ತದೆ, ಯೋಕ್‌ಗೆಂದು ಅವಸರ ಬೇಡ.

ಯುದ್ಧ ವಿಮಾನದವರಿಗೆ ಲೆಕ್ಕ ಬೇರೆ. ಸ್ಪಿಟ್‌ಫೈರ್, ಮಿಗ್-21 ಇಂಥವುಗಳಲ್ಲಿ ಬ್ರೇಕ್ ಇರುವುದು ಸ್ಟಿಕ್ ಮೇಲಿನ ಲಿವರಿನಲ್ಲಿ, ಕಾಲ ತುದಿಯಲ್ಲಲ್ಲ. ಅವನ್ನಷ್ಟೇ ಹಾರಿಸುವವರು ಟೋ ಬ್ರೇಕ್ (ಪೆಡಲ್ ಮೇಲೆ ಕಾಲ ತುದಿಯಿಂದ ಒತ್ತುವ ಬ್ರೇಕ್) ಇಲ್ಲದ ಪೆಡಲ್ ತೆಗೆದುಕೊಳ್ಳಬಹುದು, ವಿಕೆಬಿ ಕಂಪನಿಯ ಟಿ-ರಡರ್ ಹಾಗಿರುತ್ತದೆ. ಎ320 ಇಳಿಸುವವರಿಗೆ ಟೋ ಬ್ರೇಕ್ ಇಲ್ಲದ ಪೆಡಲ್ ಕೊಟ್ಟರೆ ಸುಮ್ನೆ ದುಡ್ಡು ದಂಡ. ಹೆಲಿಕಾಪ್ಟರ್‌ನವರಿಗಂತೂ ನಡುವಿಗೆ ಎಳೆಯುವ ಸ್ಪ್ರಿಂಗ್ ಇರುವ ಪೆಡಲ್ಲೇ ಕಾಟ. ಸ್ಪ್ರಿಂಗ್ ಬಿಚ್ಚಲು ಅಥವಾ ಸಡಿಲಿಸಲು ಆಗುತ್ತದಾ ಎಂದು ಕೇಳಿಕೊಂಡೇ ಕೊಳ್ಳಬೇಕು.

2. ಜಾಗ ಅಳೆಯಿರಿ, ನ್ಯೂಸ್‌ಪೇಪರ್ ಕತ್ತರಿಸಿ

ಮುಂಬೈ ಫ್ಲ್ಯಾಟಿನಲ್ಲಿ ಮೇಜು ಎಂದರೆ ಅದರ ಕೆಳಗೆ ಸ್ಟೆಬಿಲೈಜರ್, ಚಪ್ಪಲಿ ಡಬ್ಬ, ಅಕ್ಕಿ ಡ್ರಮ್ ಎಲ್ಲ ಇರುತ್ತದೆ ಅಲ್ವಾ? ಪೆಡಲ್ ಕೂರುವುದು ಅಲ್ಲೇ.

ನೋಡಿಟ್ಟಿರುವ ಪೆಡಲ್‌ನ ಉದ್ದ ಅಗಲ ಡಬ್ಬದ ಮೇಲೆ ಅಥವಾ ಕಂಪನಿಯ ವಿವರದಲ್ಲಿ ಸಿಗುತ್ತದೆ. ಅದೇ ಅಳತೆಗೆ ನ್ಯೂಸ್‌ಪೇಪರ್ ಕತ್ತರಿಸಿ ಮೇಜಿನ ಕೆಳಗೆ ಹಾಸಿ. ಮಾಮೂಲಿ ಕೂರುವ ಹಾಗೆ ಕೂತು ಕಾಲು ಅದರ ಮೇಲಿಡಿ. ಹಿಮ್ಮಡಿ ನೆಲದ ಮೇಲಿರಬೇಕು, ಮೊಣಕಾಲು ಸ್ವಲ್ಪ ಮಡಚಿರಬೇಕು. ಈಗ ಒಂದು ಕಾಲನ್ನು ಒಂದು ಗೇಣು ಮುಂದೆ ಚಾಚಿ. ಇನ್ನೊಂದು ಮೊಣಕಾಲು ಮೇಲೇಳುತ್ತದೆ. ಅದು ಕೀಬೋರ್ಡ್ ಟ್ರೇಗೆ ಬಡಿಯುತ್ತದಾ? ಬಡಿದರೆ ಟ್ರೇ ಬಿಚ್ಚಬೇಕು, ಇಲ್ಲವೇ ಪೆಡಲ್ ಆಸೆ ಬಿಡಬೇಕು. ಸಿನ್ಹಗಡ್ ರಸ್ತೆಯ ಗೆಳೆಯರೊಬ್ಬರು ಪೆಡಲ್ ತಂದ ಮೇಲೆ ಇದನ್ನು ಕಂಡುಕೊಂಡರು. ಈಗ ಅದು ಅಟ್ಟದ ಮೇಲಿದೆ.

ಎರಡು ಪಾದದ ನಡುವಿನ ಅಂತರವನ್ನೂ ನೋಡಿ. ಥ್ರಸ್ಟ್‌ಮಾಸ್ಟರ್ ಟಿಎಫ್‌ಆರ್‌ಪಿಯಂಥ ಚಿಕ್ಕ ಪೆಡಲ್‌ಗಳಲ್ಲಿ ಪಾದ ತೀರ ಹತ್ತಿರ ಕೂರುತ್ತದೆ. ಜಾಗ ಉಳಿಯುತ್ತದೆ, ಆದರೆ ಎತ್ತರದ ಆಳು ಕೂತರೆ ಮೊಣಕಾಲು ಮೊಣಕಾಲಿಗೆ ತಾಗುತ್ತದೆ. ಲಾಜಿಟೆಕ್‌ನ ಫ್ಲೈಟ್ ರಡರ್ ಪೆಡಲ್ ಅಗಲ, ಕಾಲಿಗೆ ಹಿತ, ಆದರೆ ಮೇಜಿನಡಿ ಪೂರ್ತಿ ಅದರದೇ ರಾಜ್ಯ.

ಜಾಯ್‌ಸ್ಟಿಕ್ ಇಡುವ ಎತ್ತರವೂ ಮುಖ್ಯ. ಊಟದ ಮೇಜಿನ ಮೇಲಿಟ್ಟರೆ ಭುಜ ಎತ್ತಿಯೇ ಹಿಡಿಯಬೇಕಾಗುತ್ತದೆ. ಮುಂಗೈ ನೆಲಕ್ಕೆ ಸಮನಾಗಿ, ಮೊಣಕೈ ಎಲ್ಲಾದರೂ ಊರಿರಬೇಕು. ಊರದಿದ್ದರೆ ಎಷ್ಟೇ ದುಬಾರಿ ಸ್ಟಿಕ್ ತಂದರೂ ಕೈ ನಡುಗುತ್ತದೆ, ದೂರು ಸ್ಟಿಕ್ ಮೇಲೆ ಬರುತ್ತದೆ.

3. ಸೆನ್ಸರ್ ಯಾವುದು ಎಂದು ಕೇಳಿ

ಹೆಚ್ಚು ದುಡ್ಡು ಹೋಗಬೇಕಾದ್ದು ಇಲ್ಲಿ. ಬಟನ್ನು, ಬಣ್ಣದ ಲೈಟು ಇವಕ್ಕಲ್ಲ.

ಸ್ಟಿಕ್ ಎಷ್ಟು ವಾಲಿದೆ ಎಂದು ಕಂಪ್ಯೂಟರ್‌ಗೆ ಹೇಳುವುದು ಒಳಗಿನ ಸೆನ್ಸರ್. ಕಡಿಮೆ ಬೆಲೆಯದರಲ್ಲಿ ಸಾಮಾನ್ಯವಾಗಿ ಪೊಟೆನ್ಷಿಯೋಮೀಟರ್ ಇರುತ್ತದೆ, ಅಂದರೆ ಹಳೇ ರೇಡಿಯೋದ ವಾಲ್ಯೂಮ್ ತಿರುಗುಣಿಯಂಥದ್ದೇ. ಕಾರ್ಬನ್ ಪಟ್ಟಿಯ ಮೇಲೆ ಒಂದು ಲೋಹದ ನಾಲಿಗೆ ಉಜ್ಜುತ್ತಾ ಹೋಗುತ್ತದೆ. ಹಳೇ ರೇಡಿಯೋದಲ್ಲಿ ವಾಲ್ಯೂಮ್ ತಿರುಗಿಸಿದರೆ ಕರಕರ ಸದ್ದು ಬರುತ್ತಿತ್ತಲ್ಲ, ಜಾಯ್‌ಸ್ಟಿಕ್‌ನಲ್ಲೂ ಅದೇ ಕಾಯಿಲೆ. ಸದ್ದಿನ ಬದಲು ವಿಮಾನದ ಮೂಗು ಕುಣಿಯುತ್ತದೆ. ಉಜ್ಜಿ ಸವೆಯುವುದು ಒಂದು, ಧೂಳು ಕೂರುವುದು ಇನ್ನೊಂದು. ಇಲ್ಲಿಯ ಕಡಲ ಗಾಳಿ ಮೂರನೆಯದು.

ಹಾಲ್ ಸೆನ್ಸರ್‌ನಲ್ಲಿ ಉಜ್ಜುವ ಭಾಗವೇ ಇಲ್ಲ. ಒಂದು ಅಯಸ್ಕಾಂತ ಅಲುಗುತ್ತದೆ, ಎದುರಿನ ಚಿಪ್ ಆ ಕಾಂತಕ್ಷೇತ್ರದ ಬದಲಾವಣೆ ಅಳೆಯುತ್ತದೆ. ಮುಟ್ಟುವುದೇ ಇಲ್ಲವಾದ್ದರಿಂದ ಸವೆಯುವ ಮಾತಿಲ್ಲ. ಕಡಲ ಹತ್ತಿರ ಇರುವವರಿಗೆ ನಾನು ಇದನ್ನೇ ಹೇಳುವುದು. ಪಣಜಿಯಲ್ಲೋ ವರ್ಸೋವಾದಲ್ಲೋ ಕಿಟಕಿ ತೆರೆದಿಟ್ಟು ಆಡುವವರಂತೂ ಪಾಟ್ ಇರುವುದನ್ನು ಮುಟ್ಟಬೇಡಿ. ಅಂಗಡಿಯಲ್ಲಿ ಪೊಟೆನ್ಷಿಯೋಮೀಟರ್ ಎನ್ನುವುದಕ್ಕಿಂತ 'ಪಾಟ್' ಎಂದರೆ ಬೇಗ ತಿಳಿಯುತ್ತದೆ.

ಇಲ್ಲೊಂದು ಗುಂಡಿ ಇದೆ, ಜಾಸ್ತಿ ಜನ ಬೀಳುವುದು ಇದರಲ್ಲೇ. ಡಬ್ಬದ ಮೇಲೆ 'ಹಾಲ್ ಸೆನ್ಸರ್' ಎಂದಿದ್ದರೆ ಎಲ್ಲ ಆಕ್ಸಿಸ್‌ಗೂ, ಅಂದರೆ ಅಲುಗುವ ಪ್ರತಿ ದಿಕ್ಕಿಗೂ, ಇದೆ ಎಂದಲ್ಲ. ಟಿ.16000ಎಂನಲ್ಲಿ ಹಿಂದೆ ಮುಂದೆ, ಎಡ ಬಲ ವಾಲುವುದಕ್ಕೆ ಹಾಲ್ ಸೆನ್ಸರ್. ಹಿಡಿ ತಿರುಚುವುದಕ್ಕೆ ಮಾತ್ರ ಪಾಟ್. ಪೆಡಲ್ ಕೊಳ್ಳದೆ ಹಿಡಿ ತಿರುಚಿಯೇ ರಡರ್ ನಡೆಸುವವರಿಗೆ ಮೊದಲು ಸವೆಯುವುದು ಅದೇ. ವಿಕೆಬಿ ಗ್ಲಾಡಿಯೇಟರ್ ಎನ್‌ಎಕ್ಸ್‌ಟಿ ಈವೊದಲ್ಲಿ ತಿರುಚುವ ಆಕ್ಸಿಸ್ಸಿಗೂ ಮುಟ್ಟದ ಸೆನ್ಸರ್ರೇ ಇದೆ. ಅದಕ್ಕೇ ಕೇಳುವಾಗ "ಹಾಲ್ ಇದೆಯಾ?" ಎನ್ನಬೇಡಿ. "ಟ್ವಿಸ್ಟ್‌ಗೆ ಯಾವ ಸೆನ್ಸರ್, ಥ್ರಾಟಲ್‌ಗೆ ಯಾವುದು, ಟೋ ಬ್ರೇಕ್‌ಗೆ ಯಾವುದು?" ಎಂದು ಒಂದೊಂದಾಗಿ ಕೇಳಿ.

ಬಿಟ್ ಲೆಕ್ಕವೂ ಕಿವಿಗೆ ಬೀಳುತ್ತದೆ. 8 ಬಿಟ್ ಎಂದರೆ ಪೂರ್ತಿ ಚಲನೆಯಲ್ಲಿ 256 ಮೆಟ್ಟಿಲು, 10 ಬಿಟ್‌ಗೆ 1,024, 14 ಬಿಟ್‌ಗೆ 16,384. ಪ್ರಯಾಣಿಕ ವಿಮಾನಕ್ಕೆ 10 ಬಿಟ್ ಧಾರಾಳ ಸಾಕು. ಅದರಾಚೆ ಸ್ಪ್ರಿಂಗ್ ಮತ್ತು ಕೀಲು ಚೆನ್ನಾಗಿಲ್ಲದಿದ್ದರೆ ಮೆಟ್ಟಿಲು ಎಷ್ಟಿದ್ದೂ ಪ್ರಯೋಜನ ಇಲ್ಲ.

4. ಕೀಲು ಮತ್ತು ಸ್ಪ್ರಿಂಗ್ ಕೈಯಿಂದಲೇ ತಿಳಿಯುತ್ತದೆ

ಸ್ಟಿಕ್‌ನ ಬುಡದಲ್ಲಿ ವಾಲುವ ಕೀಲಿಗೆ ಗಿಂಬಲ್ ಎನ್ನುತ್ತಾರೆ. ಕೆಲವದರಲ್ಲಿ ಎರಡೂ ದಿಕ್ಕಿಗೆ ಸೇರಿ ಒಂದೇ ದೊಡ್ಡ ಸ್ಪ್ರಿಂಗ್, ಕೆಲವದರಲ್ಲಿ ದಿಕ್ಕಿಗೊಂದು. ಒಂದೇ ಸ್ಪ್ರಿಂಗ್ ಇದ್ದಲ್ಲಿ ನಡುವಿನಿಂದ ಸ್ವಲ್ಪವೇ ಅಲುಗಿಸಲು ಹೋದರೆ ಮೊದಲು ಬಿಗಿ, ಆಮೇಲೆ ತಟಕ್ಕನೆ ಸಡಿಲ. ಲ್ಯಾಂಡಿಂಗ್ ಹೊತ್ತಿಗೆ ಬೇಕಾದ್ದು ಆ ಕೂದಲೆಳೆ ಚಲನೆಯೇ. ದಿಕ್ಕಿಗೊಂದು ಸ್ಪ್ರಿಂಗ್ ಇದ್ದು, ಅದನ್ನು ಬದಲಿಸುವ ಸೌಲಭ್ಯವೂ ಇದ್ದರೆ ನಾಲ್ಕು ಕಾಸು ಹೆಚ್ಚಾದರೂ ಕೊಡಿ.

ಬುಡದ ತೂಕವನ್ನೂ ಎತ್ತಿ ನೋಡಿ. ಬಿಗಿ ಸ್ಪ್ರಿಂಗ್, ಹಗುರ ಬುಡ ಎರಡೂ ಕೂಡಿದರೆ ಸ್ಟಿಕ್ ಎಳೆದಾಗ ಡಬ್ಬಿಯೇ ಎದ್ದು ಬರುತ್ತದೆ.

5. ಪೆಡಲ್‌ನಲ್ಲಿ ಮೂರು ಆಕ್ಸಿಸ್ ಇದೆ, ಮೂರನ್ನೂ ನೋಡಿ

ಎಡ ಬಲ ಜಾರುವ ರಡರ್ ಒಂದು. ಎಡ ಟೋ ಬ್ರೇಕ್, ಬಲ ಟೋ ಬ್ರೇಕ್ ಇನ್ನೆರಡು. ಜನ ರಡರ್ ಮಾತ್ರ ಜಾರಿಸಿ ನೋಡಿ ಮನೆಗೆ ತರುತ್ತಾರೆ. ಹೊಸದರಲ್ಲೇ ಬ್ರೇಕಿನ ಒಂದು ಕಡೆ ಸ್ಪ್ರಿಂಗ್ ಸಡಿಲವಿದ್ದುದನ್ನು ನಾನು ಕಂಡಿದ್ದೇನೆ.

ಕೂತುಕೊಂಡೇ ಪರೀಕ್ಷಿಸಿ, ಬಗ್ಗಿ ಕೈಯಿಂದ ಒತ್ತಿ ಅಲ್ಲ. ರಡರ್ ನಡುವಿನಿಂದ ಹೊರಡುವಾಗ ಕಾಲಿಗೆ 'ಟಕ್' ಎಂದು ತಟ್ಟಬಾರದು. ಬ್ರೇಕ್ ಒತ್ತುವಾಗ ರಡರ್ ತಾನಾಗಿ ಜಾರಬಾರದು. ಬಿಗಿ ಹೆಚ್ಚು ಕಡಿಮೆ ಮಾಡುವ ತಿರುಗುಣಿ ಇದ್ದರೆ ಒಳ್ಳೆಯದು.

ಬಜೆಟ್ ಕಡಿಮೆ ಇದ್ದವರು ಕೇಳುತ್ತಾರೆ: ಒಳ್ಳೆ ಸ್ಟಿಕ್ ಒಂದೇ ತೆಗೆದುಕೊಳ್ಳಲಾ, ಸಾಧಾರಣದ್ದು ಎರಡೂ ತೆಗೆದುಕೊಳ್ಳಲಾ? ನನ್ನ ಉತ್ತರ: ಟ್ವಿಸ್ಟ್ ಆಕ್ಸಿಸ್ಸಿಗೂ ಹಾಲ್ ಸೆನ್ಸರ್ ಇರುವ ಒಳ್ಳೆ ಸ್ಟಿಕ್ ಒಂದನ್ನೇ ತನ್ನಿ, ಪೆಡಲ್‌ಗೆ ಆರು ತಿಂಗಳು ಕಾಯಿರಿ. ಸಾಧಾರಣದ್ದು ಎರಡು ತಂದವರು ವರ್ಷದೊಳಗೆ ಎರಡನ್ನೂ ಮಾರುತ್ತಾರೆ.

6. ಅಂಗಡಿಯಲ್ಲಿ ಹತ್ತು ನಿಮಿಷ

ಮುಂಬೈಯವರು ಲ್ಯಾಮಿಂಗ್ಟನ್ ರೋಡಿಗೆ ಹೋಗುತ್ತಾರೆ, ಗ್ರಾಂಟ್ ರೋಡ್ ಸ್ಟೇಷನ್ನಿಂದ ನಡೆದೇ ಹೋಗಬಹುದು. ಪುಣೆಯವರಿಗೆ ಬುಧವಾರ ಪೇಟೆಯ ತಪಕೀರ್ ಗಲ್ಲಿ ಇದೆ, ಕೇಬಲ್ಲು, ಹಬ್ಬು, ಸ್ಪ್ರೇ ಇಂಥದ್ದೆಲ್ಲ ಅಲ್ಲಿ ಸಿಗುತ್ತದೆ. ಗೋವಾದವರು ಹೆಚ್ಚಾಗಿ ಆನ್‌ಲೈನ್. ಹಾಗಿದ್ದರೆ ಈ ಪರೀಕ್ಷೆಯನ್ನು ಡಬ್ಬ ಬಂದ ದಿನವೇ ಮಾಡಿ, ವಾಪಸು ಕೊಡುವ ಗಡುವು ಮುಗಿಯುವ ಮೊದಲು.

ಅಂಗಡಿಯವನು "ಸಾಬ್, ಸೀಲ್ ತೋಡ್ನಾ ಪಡೇಗಾ" ಎಂದು ಮುಖ ಸಣ್ಣದು ಮಾಡುತ್ತಾನೆ. ಸರಿಯಿದ್ದರೆ ಇದನ್ನೇ ಒಯ್ಯುತ್ತೇನೆ ಎಂದು ಮೊದಲೇ ಹೇಳಿ. ವಾರದ ನಡುವೆ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಹೋದರೆ ಅವನಿಗೂ ಪುರುಸೊತ್ತು ಇರುತ್ತದೆ. ಶನಿವಾರ ಸಂಜೆ ಹೋಗಿ ಲ್ಯಾಪ್‌ಟಾಪ್ ಬಿಚ್ಚಿದರೆ ಬೈಸಿಕೊಳ್ಳುತ್ತೀರಿ.

ಲ್ಯಾಪ್‌ಟಾಪ್‌ಗೆ ಚುಚ್ಚಿ. ವಿಂಡೋಸ್ ಕೀ ಹಿಡಿದು ಆರ್ ಒತ್ತಿ. ಬರುವ ಡಬ್ಬಿಯಲ್ಲಿ ಜೆ, ಓ, ವೈ, ಚುಕ್ಕೆ, ಸಿ, ಪಿ, ಎಲ್ ಎಂದು ಇಂಗ್ಲಿಷ್ ಅಕ್ಷರದಲ್ಲಿ ಹೊಡೆದು ಎಂಟರ್. ಪಟ್ಟಿಯಲ್ಲಿ ಜಾಯ್‌ಸ್ಟಿಕ್ ಹೆಸರು ಆರಿಸಿ ಪ್ರಾಪರ್ಟೀಸ್ ಒತ್ತಿ. ಒಂದು ಚೌಕ, ಅದರೊಳಗೆ ಕೂಡು ಗುರುತು ಕಾಣುತ್ತದೆ. ಈಗ ಈ ಕ್ರಮದಲ್ಲಿ ನೋಡಿ.

ಮೊದಲು ಕೈ ಬಿಡಿ. ಪೂರ್ತಿ ಎರಡು ನಿಮಿಷ ಮುಟ್ಟಬೇಡಿ. ಗುರುತು ಅಲುಗದೆ ನಿಂತಿರಬೇಕು.

ಆಮೇಲೆ ಸ್ಟಿಕ್ಕನ್ನು ಪೂರ್ತಿ ಎಡಕ್ಕೆ ಒಯ್ದು ಮೆಲ್ಲಗೆ ನಡುವಿಗೆ ಬಿಡಿ. ಗುರುತು ಎಲ್ಲಿ ನಿಂತಿತು ನೋಡಿ. ಬಲಕ್ಕೆ, ಮುಂದಕ್ಕೆ, ಹಿಂದಕ್ಕೆ ಹಾಗೇ ಮಾಡಿ. ನಾಲ್ಕು ಸಲವೂ ಒಂದೇ ಜಾಗಕ್ಕೆ ಬರಬೇಕು. ಎಡದಿಂದ ಬಂದಾಗ ಒಂದು ಕಡೆ, ಬಲದಿಂದ ಬಂದಾಗ ಇನ್ನೊಂದು ಕಡೆ ನಿಂತರೆ ಗಿಂಬಲ್ ಸಡಿಲ ಅಥವಾ ಸ್ಪ್ರಿಂಗ್ ಸೋತಿದೆ. ಕ್ಯಾಲಿಬ್ರೇಷನ್‌ನಿಂದ (ನಡು ಯಾವುದು, ಕೊನೆ ಯಾವುದು ಎಂದು ಸಾಫ್ಟ್‌ವೇರ್‌ಗೆ ತೋರಿಸುವುದು) ಇದು ಸರಿಹೋಗುವುದಿಲ್ಲ, ಅಂಗಡಿಯವನು ಏನೇ ಹೇಳಲಿ.

ಮೂರನೆಯದು, ನಿಧಾನವಾಗಿ ಒಂದು ಸುತ್ತು. ತೀರ ನಿಧಾನ, ಅರ್ಧ ನಿಮಿಷಕ್ಕೆ ಒಂದು ಸುತ್ತು. ಗುರುತು ನುಣ್ಣಗೆ ತಿರುಗಬೇಕು. ನಡುವೆ ಕಪ್ಪೆಯ ಹಾಗೆ ಕುಪ್ಪಳಿಸಿದರೆ ಬೇರೆ ಪೀಸ್ ಕೇಳಿ. ನಾಲ್ಕು ಮೂಲೆಗೂ ಹೋಗಿ ಬನ್ನಿ.

ಹಿಡಿ ತಿರುಚಿ, ಥ್ರಾಟಲ್ ಎಳೆಯಿರಿ, ಇವೂ ನಿಧಾನವಾಗಿ. ಕೊನೆಗೆ ವೈರು ಬುಡದಿಂದ ಹೊರಡುವಲ್ಲಿ ಮೆಲ್ಲಗೆ ಅಲ್ಲಾಡಿಸಿ. ಲ್ಯಾಪ್‌ಟಾಪ್‌ನಿಂದ ಯುಎಸ್‌ಬಿ ಬಿಟ್ಟುಹೋದ 'ಟುಂಗ್' ಸದ್ದು ಬಂದರೆ ಅದನ್ನು ಅಲ್ಲೇ ಬಿಟ್ಟು ಬನ್ನಿ.

ವಿಂಡೋಸ್‌ನ ಆ ಚೌಕ ಬಹಳ ಸಣ್ಣದು, ಸಣ್ಣ ನಡುಕ ಅದರಲ್ಲಿ ಕಾಣುವುದಿಲ್ಲ. ಬ್ರೌಸರ್‌ನಲ್ಲೇ ನಡೆಯುವ ಗೇಮ್‌ಪ್ಯಾಡ್ ಟೆಸ್ಟರ್‌ಗಳಲ್ಲಿ ಪ್ರತಿ ಆಕ್ಸಿಸ್‌ಗೂ ದಶಮಾಂಶದಲ್ಲಿ ಅಂಕಿ ಬರುತ್ತದೆ. ಕೊನೆಯ ಅಂಕಿ ತುಸು ಕುಣಿದರೆ ಚಿಂತೆ ಇಲ್ಲ. ಚುಕ್ಕೆಯ ನಂತರದ ಮೊದಲ ಅಂಕಿಯೇ ಕುಣಿದರೆ ಬೇಡ.

7. ಬಿಲ್ಲು, ಸ್ಟಿಕ್ಕರ್, ಸೆಕೆಂಡ್ ಹ್ಯಾಂಡ್

ಆಮದು ಮಾಡಿದ ಡಬ್ಬದ ಮೇಲೆ ಆಮದುದಾರರ ಹೆಸರು, ವಿಳಾಸ, ಎಂಆರ್‌ಪಿ ಇರುವ ಸ್ಟಿಕ್ಕರ್ ಇರಬೇಕು, ನಮ್ಮ ಪ್ಯಾಕೇಜ್ ನಿಯಮ ಹಾಗೆ ಹೇಳುತ್ತದೆ. ಅದಿಲ್ಲದ ಡಬ್ಬ ಅಗ್ಗಕ್ಕೆ ಸಿಗುತ್ತದೆ, ಕೆಟ್ಟರೆ ಯಾರ ಹತ್ತಿರ ಹೋಗಬೇಕೋ ಗೊತ್ತಾಗುವುದಿಲ್ಲ. ನಾನು ಒಮ್ಮೆ ಹಾಗೆ ಜಿಎಸ್‌ಟಿ ಬಿಲ್ಲಿಲ್ಲದೆ ತಂದೆ. ಎಂಟನೇ ತಿಂಗಳಿಗೆ ಟ್ವಿಸ್ಟ್ ಕೆಟ್ಟಿತು. ಅಂಗಡಿಗೆ ಹೋದರೆ "ಹಮಾರಾ ಮಾಲ್ ನಹೀ" ಎಂದರು. ಪಾಠಕ್ಕೆ ಫೀಸು ಎಂದುಕೊಂಡು ವಾಪಸು ಬಂದೆ.

ವಿದೇಶದಿಂದ ನೇರ ತರಿಸುವವರು ಕಸ್ಟಮ್ಸ್ ಸುಂಕ, ಕೊರಿಯರ್ ಖರ್ಚು ಎರಡನ್ನೂ ಕೂಡಿಸಿ ನೋಡಬೇಕು. ವಾರಂಟಿ ಕೇಳಿದರೆ ವಾಪಸು ಕಳಿಸುವ ಖರ್ಚು ಯಾರದು ಎಂಬುದನ್ನೂ ಮೊದಲೇ ಬರೆದು ಕೇಳಿ.

ಸೆಕೆಂಡ್ ಹ್ಯಾಂಡ್ ಆದರೆ ಹಾಲ್ ಸೆನ್ಸರ್‌ನದ್ದು ಮಾತ್ರ. ಹಿಡಿಯ ರಬ್ಬರ್ ಹೊಳೆಯುತ್ತಿದೆಯಾ, ಬುಡದ ಸ್ಕ್ರೂ ತಲೆ ಗೀಚಿದೆಯಾ ನೋಡಿ. ಗೀಚಿದ್ದರೆ ಯಾರೋ ಬಿಚ್ಚಿದ್ದಾರೆ, ಯಾಕೆ ಎಂದು ಕೇಳಿ. ಹದಿನೈದು ಪಿನ್ನಿನ ಹಳೇ ಗೇಮ್ ಪೋರ್ಟ್ ಸ್ಟಿಕ್ ಅಗ್ಗಕ್ಕೆ ಕೊಟ್ಟರೂ ಬೇಡ, ಚುಚ್ಚಲು ಈಗಿನ ಕಂಪ್ಯೂಟರ್‌ನಲ್ಲಿ ಜಾಗವೇ ಇಲ್ಲ.

8. ಕುರ್ಚಿ ಮತ್ತು ಪೆಡಲ್ ಒಂದಕ್ಕೊಂದು ಕಟ್ಟಿ

ಅಕ್ಕನ ಮಗನ ಕಥೆ ನೆನಪಿದೆಯಲ್ಲ. ಒತ್ತಿದಷ್ಟೇ ಬಲದಲ್ಲಿ ಪೆಡಲ್ ನಿಮ್ಮನ್ನು ಹಿಂದಕ್ಕೆ ತಳ್ಳುತ್ತದೆ. ಟೈಲ್ಸ್ ಮೇಲೆ ಪೆಡಲ್ ಮುಂದೆ ಜಾರಬೇಕು, ಇಲ್ಲಾ ಕುರ್ಚಿ ಹಿಂದೆ ಉರುಳಬೇಕು. ಪೆಡಲ್ ಅಡಿಗೆ ರಬ್ಬರ್ ಮ್ಯಾಟ್ ಹಾಕಿದರೆ ಪೆಡಲ್ ನಿಲ್ಲುತ್ತದೆ, ಕುರ್ಚಿ ಓಡುತ್ತದೆ. ಕುರ್ಚಿಗೆ ಇಟ್ಟಿಗೆ ಕೊಟ್ಟರೆ ಪೆಡಲ್ ಓಡುತ್ತದೆ.

ಎರಡನ್ನೂ ಒಂದೇ ಹಲಗೆಗೆ ಸೇರಿಸುವುದೇ ಉಪಾಯ. 18 ಮಿಲಿಮೀಟರ್ ದಪ್ಪದ ಪ್ಲೈವುಡ್ ಸಾಕು. ಮುಂದಿನ ತುದಿಗೆ ಪೆಡಲ್ಲನ್ನು ಬೋಲ್ಟ್ ಅಥವಾ ವೆಲ್ಕ್ರೊದಿಂದ ಕೂರಿಸಿ. ಹಿಂದಿನ ತುದಿಯಲ್ಲಿ ಕುರ್ಚಿಯ ಮುಂದಿನ ಚಕ್ರಗಳಿಗೆ ಗುಳಿ ಕೊರೆಸಿ. ಬಡಗಿಗೆ ಅರ್ಧ ಗಂಟೆಯ ಕೆಲಸ. ಬಾಡಿಗೆ ಮನೆ, ಜಾಗ ಇಲ್ಲ ಎನ್ನುವವರು ಪೆಡಲ್ ಬುಡದಿಂದ ಕುರ್ಚಿಯ ನಡುಕಂಬಕ್ಕೆ ಲಗೇಜ್ ಬೆಲ್ಟ್ ಬಿಗಿಯಿರಿ. ಕುರ್ಚಿ ಹಿಂದೆ ಹೋಗಲು ನೋಡಿದರೆ ಬೆಲ್ಟ್ ಎಳೆದು ನಿಲ್ಲಿಸುತ್ತದೆ. ಆಟ ಮುಗಿದ ಮೇಲೆ ಬಿಚ್ಚಿ ಮಂಚದಡಿಗೆ ತಳ್ಳಬಹುದು. ಇದಕ್ಕಿಂತ ಸುಲಭ ಎಂದರೆ ಚಕ್ರ ಇಲ್ಲದ ಮರದ ಕುರ್ಚಿಯನ್ನು ಗೋಡೆಗೆ ಒತ್ತಿ ಕೂರುವುದು.

9. ಚುಚ್ಚಿ, ಹೊಂದಿಸಿ

ಚುಚ್ಚುವಾಗ ಕೈ ಕಾಲು ಎರಡೂ ದೂರ ಇರಲಿ. ಕೆಲವು ಸಾಧನಗಳು ಕರೆಂಟ್ ಬಂದ ಕ್ಷಣ ಎಲ್ಲಿದ್ದವೋ ಅದನ್ನೇ ನಡು ಎಂದುಕೊಳ್ಳುತ್ತವೆ.

ಸ್ಟಿಕ್, ಥ್ರಾಟಲ್, ಪೆಡಲ್ ಮೂರನ್ನೂ ಅಡಾಪ್ಟರ್ ಇಲ್ಲದ ಒಂದೇ ಅಗ್ಗದ ಹಬ್‌ಗೆ ಚುಚ್ಚಬೇಡಿ. ಕರೆಂಟ್ ಸಾಲದೆ ಒತ್ತದ ಬಟನ್ ಒತ್ತಿದ ಹಾಗೆ ಆಗುತ್ತದೆ. ಲೈಟು ಜಾಸ್ತಿ ಇರುವ ಸ್ಟಿಕ್‌ಗಳಲ್ಲಿ ಇದು ಬೇಗ ಕಾಣುತ್ತದೆ. ಕಂಪ್ಯೂಟರ್ ಹಿಂಭಾಗದ ಪೋರ್ಟ್ ಅಥವಾ ಅಡಾಪ್ಟರ್ ಇರುವ ಹಬ್ ಬಳಸಿ. ವಿಂಡೋಸ್ ಪವರ್ ಸೆಟ್ಟಿಂಗ್‌ನಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಆಫ್ ಮಾಡಿ. ಇಲ್ಲದಿದ್ದರೆ ಉದ್ದ ಹಾರಾಟದ ನಡುವೆ ಪೆಡಲ್ ನಿದ್ದೆ ಹೋಗಬಹುದು.

ಕ್ಯಾಲಿಬ್ರೇಷನ್ ಬಗ್ಗೆ ಒಂದು ಮಾತು. ಟಿ.16000ಎಂ ತಾನೇ ತನ್ನನ್ನು ಕ್ಯಾಲಿಬ್ರೇಟ್ ಮಾಡಿಕೊಳ್ಳುತ್ತದೆ, ವಿಂಡೋಸ್‌ನಲ್ಲಿ ಮತ್ತೆ ಮಾಡಿದರೆ ಸರಿ ಇದ್ದದ್ದು ಕೆಡುತ್ತದೆ. ವಿಕೆಬಿಗೆ ಅದರದೇ ಸಾಫ್ಟ್‌ವೇರ್ ಇದೆ. ಕಂಪನಿ ಹೇಳಿದ ದಾರಿ ಬಿಟ್ಟು ಬೇರೆ ಮಾಡಬೇಡಿ.

ಈಗ ಸಿಮ್ಯುಲೇಟರ್ ಒಳಗೆ. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಹೊಸ ಸಾಧನ ಕಂಡೊಡನೆ ತಾನೇ ಒಂದು ಪ್ರೊಫೈಲ್ (ಯಾವ ಬಟನ್, ಯಾವ ಆಕ್ಸಿಸ್ ಏನು ಮಾಡಬೇಕು ಎಂಬ ಪಟ್ಟಿ) ಹಾಕುತ್ತದೆ. ಆಗ ಹಿಡಿಯ ಟ್ವಿಸ್ಟೂ ರಡರ್, ಪೆಡಲ್ಲೂ ರಡರ್. ಇಬ್ಬರು ಡ್ರೈವರ್, ಒಂದೇ ಸ್ಟೀರಿಂಗ್! ಸ್ಟಿಕ್ ಪ್ರೊಫೈಲ್‌ನಲ್ಲಿ ರಡರ್ ತೆಗೆದುಹಾಕಿ. ಎ320 ಹಾರಿಸುವವರು ಟ್ವಿಸ್ಟನ್ನು ಸುಮ್ನೆ ಬಿಡಬೇಡಿ. ಆ ವಿಮಾನದಲ್ಲಿ ಪೆಡಲ್‌ನಿಂದ ಮುಂದಿನ ಚಕ್ರ ತಿರುಗುವುದು 6 ಡಿಗ್ರಿ ಮಾತ್ರ, ಬದಿಯ ಟಿಲ್ಲರ್ ಎಂಬ ಕೈಚಕ್ರದಿಂದ 75 ಡಿಗ್ರಿವರೆಗೆ. ಟ್ವಿಸ್ಟನ್ನು ನೋಸ್ ವೀಲ್ ಸ್ಟೀರಿಂಗ್‌ಗೆ ಹಾಕಿ. ಟ್ಯಾಕ್ಸಿವೇ ತಿರುವಿನಲ್ಲಿ ಹುಲ್ಲಿಗೆ ಇಳಿಯುವುದು ನಿಲ್ಲುತ್ತದೆ.

ಇನ್ನೊಂದು ಫೋನು ಪದೇ ಪದೇ ಬರುತ್ತದೆ: "ಪೂರ್ತಿ ಪವರ್ ಕೊಟ್ಟರೂ ವಿಮಾನ ಅಲ್ಲಾಡುವುದಿಲ್ಲ." ಟೋ ಬ್ರೇಕ್ ಉಲ್ಟಾ ಕೂತಿರುತ್ತದೆ. ಕಾಲು ತೆಗೆದಾಗ ಬ್ರೇಕ್, ಒತ್ತಿದಾಗ ಸಡಿಲ. ಎರಡೂ ಬ್ರೇಕ್ ಆಕ್ಸಿಸ್ಸಿಗೆ 'ರಿವರ್ಸ್' ಹಾಕಿ. ಕೆಲವು ಪೆಡಲ್‌ಗಳಲ್ಲಿ ಮೊದಲ ಸಲ ಒತ್ತುವವರೆಗೆ ಬ್ರೇಕ್ ಅರ್ಧ ಹಿಡಿದಂತೆಯೇ ಇರುತ್ತದೆ. ಹಾರುವ ಮೊದಲು ಎರಡನ್ನೂ ಒಮ್ಮೆ ಪೂರ್ತಿ ಒತ್ತಿ ಬಿಡುವುದು ಅಭ್ಯಾಸ ಮಾಡಿಕೊಳ್ಳಿ. ರಡರನ್ನು ಸಿಮ್ಯುಲೇಟರೇ ನಡೆಸುವ ಆಟೋ ರಡರ್ ಸಹಾಯ ಆನ್ ಇದ್ದರೆ ಆಫ್ ಮಾಡಿ, ಇಲ್ಲದಿದ್ದರೆ ಪೆಡಲ್ ತಂದದ್ದೇ ಯಾಕೆ?

ಡೆಡ್‌ಜೋನ್, ಅಂದರೆ ನಡುವಿನ ಸುತ್ತ ಅಲುಗಿದರೂ ಸಿಮ್ಯುಲೇಟರ್ ಲೆಕ್ಕಕ್ಕೆ ಹಿಡಿಯದ ಜಾಗ, ಹಾಲ್ ಸೆನ್ಸರ್‌ಗೆ ಸೊನ್ನೆಯಿಂದ 2 ಪರ್ಸೆಂಟ್, ಪಾಟ್‌ಗೆ 3ರಿಂದ 5. ಸೆನ್ಸಿಟಿವಿಟಿ ಕರ್ವ್ (ಮೈನಸ್ ಹಾಕಿದಷ್ಟೂ ನಡುವಿನ ಹತ್ತಿರ ಚಲನೆ ಮೆತ್ತಗಾಗುತ್ತದೆ) ಸ್ಟಿಕ್‌ಗೆ ಮೈನಸ್ 20, ರಡರ್‌ಗೆ ಮೈನಸ್ 30 ಎಂದು ಶುರುಮಾಡಿ. ಡೆಡ್‌ಜೋನ್ 10 ದಾಟಿಸಿದರೆ ಮಾತ್ರ ವಿಮಾನ ನೆಟ್ಟಗೆ ಹೋಗುತ್ತದೆ ಎಂದಾದರೆ ನೀವು ಹೊಂದಿಸುತ್ತಿಲ್ಲ, ರೋಗ ಮುಚ್ಚಿಡುತ್ತಿದ್ದೀರಿ.

10. ಜುಹುವಿನಿಂದ ಹೊರಟು ಸಾಂತಾಕ್ರೂಜ್‌ಗೆ ಇಳಿಯಿರಿ

ಪರೀಕ್ಷೆಗೆ ಜುಹು ಒಳ್ಳೆ ಜಾಗ. ಸೆಸ್ನಾ 172 ತೆಗೆದುಕೊಂಡು ರನ್‌ವೇ 26ರಲ್ಲಿ ನಿಲ್ಲಿಸಿ. ಗಾಳಿ ಸೊನ್ನೆ ಇರಲಿ. ಪವರ್ ಕೊಡುತ್ತಾ ಬಲ ಪೆಡಲ್‌ನಿಂದ ನಡುಗೆರೆ ಹಿಡಿಯಿರಿ. ಕಾಲಿನ ಅಡಿ ಪೆಡಲ್ ಜಾರಿತಾ, ಕುರ್ಚಿ ಅಲುಗಿತಾ, ಗಮನ ಅದರ ಮೇಲಿರಲಿ. ಸಮುದ್ರದ ಮೇಲೆ ಮೂಗು ಸಮ ಮಾಡಿ, ಕೈ ಬಿಟ್ಟರೂ ಅದು ಹಾಗೇ ನಿಲ್ಲುವಂತೆ ಟ್ರಿಮ್ ಹಾಕಿ ಕೈಕಾಲು ಬಿಡಿ. ಅರ್ಧ ನಿಮಿಷದಲ್ಲಿ ಮೂಗು ತಾನಾಗಿ ಪಟಕ್ಕನೆ ತಿರುಗಿದರೆ ಸೆನ್ಸರ್ ಕುಣಿಯುತ್ತಿದೆ.

ಆಮೇಲೆ ಸಾಂತಾಕ್ರೂಜ್, ಅಂದರೆ ಮುಂಬೈನ ದೊಡ್ಡ ವಿಮಾನ ನಿಲ್ದಾಣದ, ರನ್‌ವೇ 27. ಗಾಳಿ 240 ಡಿಗ್ರಿಯಿಂದ 20 ನಾಟ್ ಇಡಿ, ನಮ್ಮ ಮಳೆಗಾಲದ ಗಾಳಿಯ ಹಾಗೆ. ರನ್‌ವೇಗೆ 30 ಡಿಗ್ರಿ ಓರೆ, ಅಂದರೆ ಅಡ್ಡಗಾಳಿ ಸುಮಾರು 10 ನಾಟ್. ಸೆಸ್ನಾ 172 ಅಡ್ಡಗಾಳಿಗೆ 15 ನಾಟ್‌ವರೆಗೆ ಮಾಡಿ ತೋರಿಸಿರುವ ವಿಮಾನ, ಹಾಗಾಗಿ ವಿಮಾನದ ಮೇಲೆ ದೂರು ಹಾಕುವಂತಿಲ್ಲ. ಮೂಗು ಎಡಕ್ಕೆ, ಗಾಳಿಯ ಕಡೆಗೆ, ಇಟ್ಟು ಬನ್ನಿ. ನೆಲ ಮುಟ್ಟುವ ಮುಂಚೆ ಬಲ ಪೆಡಲ್‌ನಿಂದ ಮೂಗನ್ನು ನಡುಗೆರೆಗೆ ತನ್ನಿ, ಸ್ಟಿಕ್ ಸ್ವಲ್ಪ ಎಡಕ್ಕೆ. ಕಾಲು, ಕೈ ಒಂದಕ್ಕೊಂದು ವಿರುದ್ಧ ನಡೆಯುವ ಈ ಕ್ಷಣದಲ್ಲಿ ಸ್ಪ್ರಿಂಗು, ಕುರ್ಚಿ, ಕರ್ವ್ ಎಲ್ಲದರ ಬಣ್ಣ ಬಯಲಾಗುತ್ತದೆ. ಐದು ಸಲ ಇಳಿಸಿ. ಐದೂ ಸಲ ಒಂದೇ ಬದಿಗೆ ಜಾರಿದರೆ ಸೆಟ್ಟಿಂಗ್ ನೋಡಿ, ಒಂದೊಂದು ಸಲ ಒಂದೊಂದು ಬದಿಗೆ ಜಾರಿದರೆ ಅಭ್ಯಾಸ ಸಾಲದು.

ಜುಹುವನ್ನೇ ಸಾಂತಾಕ್ರೂಜ್ ಎಂದುಕೊಂಡು ಇಳಿಸಿದರೆ ನಾಚಿಕೆ ಬೇಡ. 1972ರಲ್ಲಿ ಜಪಾನ್ ಏರ್‌ಲೈನ್ಸ್‌ನ ಡಿಸಿ-8 ವಿಮಾನವೇ ಹಾಗೆ ಮಾಡಿದೆ.

11. ಮಳೆಗಾಲದ ಆರೈಕೆ, ಎಚ್ಚರಿಕೆಯ ಗುರುತು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸ್ಟಿಕ್ ಮೇಲೆ ಬಟ್ಟೆ ಮುಚ್ಚಿದರೆ ಸಾಲದು, ಬಟ್ಟೆಯೇ ತೇವ ಹಿಡಿಯುತ್ತದೆ. ಮುಚ್ಚಳದ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಪೆಡಲ್ ನೆಲದ ಮೇಲೇ ಇರುವುದರಿಂದ ಮನೆಯ ಧೂಳೆಲ್ಲ ಅದಕ್ಕೇ. ನೆಲ ಒರೆಸುವವರಿಗೆ ಅದರ ಮೇಲೆ ಒದ್ದೆ ಬಟ್ಟೆ ಬೇಡ ಎಂದು ಹೇಳಿಡಿ.

ಪಾಟ್ ಕುಣಿಯಲು ಶುರುವಾದರೆ ಯುಎಸ್‌ಬಿ ಕಿತ್ತು, ಬುಡ ಬಿಚ್ಚಿ, ಎಲೆಕ್ಟ್ರಾನಿಕ್ಸ್‌ಗೆಂದೇ ಇರುವ ಕಾಂಟ್ಯಾಕ್ಟ್ ಕ್ಲೀನರ್ ಸ್ವಲ್ಪ ಹೊಡೆದು ಇಪ್ಪತ್ತು ಮೂವತ್ತು ಸಲ ಕೊನೆಯಿಂದ ಕೊನೆಗೆ ತಿರುಗಿಸಿ, ಒಣಗಲು ಬಿಡಿ. ವಾರಂಟಿ ಇನ್ನೂ ಇದ್ದರೆ ಮಾತ್ರ ಬಿಚ್ಚಬೇಡಿ. ಕೊಬ್ಬರಿ ಎಣ್ಣೆ, ಹೊಲಿಗೆ ಮಿಷನ್ ಎಣ್ಣೆ ಎರಡೂ ಬೇಡ. ಧೂಳು ಹಿಡಿದು ಒಳಗೆ ಕೆಸರಾಗುತ್ತದೆ. ಕೀಲಿಗೆ ಪ್ಲಾಸ್ಟಿಕ್ ತಿನ್ನದ ಸಿಲಿಕೋನ್ ಗ್ರೀಸ್, ಅದೂ ಕಡ್ಡಿ ತುದಿಯಷ್ಟು.

ಕ್ಲೀನರ್ ಹೊಡೆದ ಮೇಲೆ ಎರಡು ವಾರ ಸುಮ್ಮನಿದ್ದು ಮತ್ತೆ ಕುಣಿದರೆ ಕಾರ್ಬನ್ ಪಟ್ಟಿ ಸವೆದಿದೆ. ಅದೇ ಅಳತೆಯ ಪಾಟ್ ಹಾಕಿಸಬೇಕು, ಕೆಲಸ ಗೊತ್ತಿದ್ದ ರಿಪೇರಿಯವರಿಗೆ ಬೆಸುಗೆ ದೊಡ್ಡದೇನಲ್ಲ. ಹಳೇ ಪಾಟ್ ಬಿಚ್ಚಿ ಜೇಬಿಗೆ ಹಾಕಿಕೊಂಡು ಹೋಗಿ, ಅದರ ಮೈಮೇಲಿನ ಅಂಕಿ ತೋರಿಸಿ ಕೇಳಿ. ಎಷ್ಟು ದಪ್ಪದ ದಂಡ, ಯಾವ ಕಡೆ ಚಪ್ಪಟೆ ಎಂದು ಬಾಯಲ್ಲಿ ಹೇಳಿದರೆ ಯಾರೂ ಸರಿಯಾದ್ದು ಕೊಡುವುದಿಲ್ಲ.